ಪೋಷಕರಿಗೆ ಮಗುವಿನ ಪ್ರಗತಿ ಪತ್ರ ಬರೆಯುವ ಕ್ರಮ

ಪ್ರಾಥಮಿಕ ಶಾಲೆಯೊಂದು ಅವಧಿಯ ಕೊನೆಯಲ್ಲಿ ಮನೆಗಳಿಗೆ ಕಳುಹಿಸುವ ಪತ್ರದಲ್ಲಿ ಎರಡು ಬಗೆಯ ಸಂಗತಿಗಳಿರುತ್ತವೆ. ಒಂದು, ಆ ಮಗುವಿಗೆ ಮಾತ್ರ ಸೇರಿದ ಕಲಿಕೆಯ ವಿವರ. ಇನ್ನೊಂದು, ಎಲ್ಲ ಪೋಷಕರಿಗೂ ತಿಳಿಯಬೇಕಾದ ಶಾಲೆಯ ಸಮಾಚಾರ. ಇವೆರಡನ್ನೂ ಬೆರೆಸಿ ಬರೆದರೆ ವಾರ್ಷಿಕೋತ್ಸವದ ವರ್ಣನೆಯ ನಡುವೆ ಮಗುವಿನ ಓದಿನ ಮಾತು ಕಳೆದುಹೋಗುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಹಾಳೆ ಇಟ್ಟುಕೊಳ್ಳುವುದು ಒಳ್ಳೆಯದು. ಈ ಬರಹದ ಹೆಚ್ಚಿನ ಭಾಗ ಮೊದಲನೆಯದರ ಬಗ್ಗೆ ಇದೆ, ಏಕೆಂದರೆ ಶಿಕ್ಷಕರಿಗೆ ಕಷ್ಟವೆನಿಸುವುದೂ ಪೋಷಕರು ಕಾದು ಓದುವುದೂ ಅದನ್ನೇ.

ಬರೆಯುವ ಕೆಲಸ ಅವಧಿಯ ಕೊನೆಯ ವಾರದಲ್ಲಿ ಆರಂಭವಾಗಬಾರದು. ಪ್ರತಿ ಮಗುವಿಗೂ ಒಂದು ಪುಟವನ್ನು ಮೀಸಲಿಟ್ಟ ನೋಟ್‌ಬುಕ್‌ನಲ್ಲಿ, ದಿನಕ್ಕೆ ಎರಡು ಮೂರು ಮಕ್ಕಳ ಬಗ್ಗೆ, ಆ ದಿನ ಕಂಡದ್ದನ್ನು ದಿನಾಂಕದೊಂದಿಗೆ ಒಂದೇ ಸಾಲಿನಲ್ಲಿ ಗುರುತು ಹಾಕಿಕೊಂಡರೆ ಸಾಕು. ಈ ರೂಢಿಯಿಂದ ಇನ್ನೊಂದು ಪ್ರಯೋಜನವೂ ಇದೆ. ತಿಂಗಳು ಕಳೆದ ಮೇಲೆ ಪುಟಗಳನ್ನು ತಿರುವಿ ಹಾಕಿದಾಗ ಕೆಲವು ಪುಟಗಳು ಖಾಲಿ ಉಳಿದಿರುವುದು ಕಾಣುತ್ತದೆ. ಅವು ಸಾಮಾನ್ಯವಾಗಿ ಗಲಾಟೆ ಮಾಡದ, ಕೈ ಎತ್ತದ, ತಮ್ಮಷ್ಟಕ್ಕೆ ತಾವು ಕೂರುವ ಮಕ್ಕಳ ಪುಟಗಳು. ಮುಂದಿನ ವಾರ ಯಾರ ಬಳಿ ಕುಳಿತು ಓದಿಸಬೇಕು ಎಂಬುದನ್ನು ಆ ಖಾಲಿ ಪುಟಗಳೇ ತಿಳಿಸುತ್ತವೆ.

‘ಗಣಿತದಲ್ಲಿ ಸುಧಾರಿಸಬೇಕು’, ‘ಓದಿನಲ್ಲಿ ಉತ್ತಮ’, ‘ಇನ್ನೂ ಹೆಚ್ಚಿನ ಶ್ರಮ ಅಗತ್ಯ’ ಎಂಬಂಥ ವಾಕ್ಯಗಳು ಯಾವ ಮಗುವಿಗಾದರೂ ಹೊಂದುತ್ತವೆ. ಆದ್ದರಿಂದಲೇ ಅವು ಯಾವ ಮಗುವಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಮಗುವಿನ ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯಬೇಕು. ಅಲ್ಲಿ 52ರಿಂದ 27 ಕಳೆದರೆ 35 ಎಂದು ಬರೆದಿದೆ ಎಂದುಕೊಳ್ಳಿ. ಇದು ಅಜಾಗರೂಕತೆಯ ತಪ್ಪಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದೆ ಮಗು 7ರಿಂದ 2 ಕಳೆದಿದೆ, ಅಂದರೆ ಎಲ್ಲಿದ್ದರೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುವುದು ಎಂಬ ತನ್ನದೇ ನಿಯಮವನ್ನು ಪಾಲಿಸಿದೆ. ಇದನ್ನು ಪೋಷಕರಿಗೆ ಹೀಗೆ ಬರೆಯಬಹುದು:

‘ಎರಡಂಕಿಯ ಸಂಖ್ಯೆಗಳನ್ನು ಕೂಡುವುದರಲ್ಲಿ ಈಗ ತಪ್ಪುವುದಿಲ್ಲ. ಕಳೆಯುವಾಗ, ಬಿಡಿ ಸ್ಥಾನದಲ್ಲಿ ಮೇಲಿನ ಅಂಕಿ ಚಿಕ್ಕದಾಗಿದ್ದರೆ, ಕೆಳಗಿನ ಅಂಕಿಯಿಂದ ಮೇಲಿನದನ್ನು ಕಳೆದುಬಿಡುತ್ತಾಳೆ. ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ಬಿಡಿ ಮಾಡಿ ಎಣಿಸಿದಾಗ ಉತ್ತರ ಸರಿಯಾಗಿ ಬರುತ್ತದೆ. ಮುಂದಿನ ಅವಧಿಯಲ್ಲಿ ಅದನ್ನೇ ಕಡ್ಡಿಗಳಿಲ್ಲದೆ ಮಾಡಲು ಕಲಿಯಲಿದ್ದಾಳೆ. ಮನೆಯಲ್ಲಿಯೂ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಕೊಟ್ಟು, ಹೇಗೆ ಕಳೆದೆ ಎಂದು ಅವಳ ಬಾಯಿಂದಲೇ ಹೇಳಿಸಿ.’

ಈ ಐದು ವಾಕ್ಯಗಳಲ್ಲಿ ಮಗುವಿಗೆ ಬಂದಿರುವುದು, ತೊಡಕಿರುವ ಜಾಗ, ಮುಂದೆ ಕಲಿಯಬೇಕಾದದ್ದು ಮತ್ತು ಮನೆಯವರು ಮಾಡಬಹುದಾದದ್ದು, ಎಲ್ಲವೂ ಇವೆ. ಶಿಕ್ಷಣ ಸಂಶೋಧಕರಾದ ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಳ್ಳೆಯ ಹಿಮ್ಮಾಹಿತಿಯು, ಅಂದರೆ ಕಲಿಕೆಯ ಬಗ್ಗೆ ಕೊಡುವ ಪ್ರತಿಕ್ರಿಯೆಯು, ಎಲ್ಲಿಗೆ ತಲುಪಬೇಕು, ಈಗ ಹೇಗೆ ಸಾಗುತ್ತಿದೆ, ಮುಂದಿನ ಹೆಜ್ಜೆ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು ಎಂದಿದ್ದಾರೆ. ಬರೆದು ಮುಗಿಸಿದ ಮೇಲೆ ಈ ಮೂರನ್ನೂ ಕೇಳಿಕೊಂಡು ನೋಡುವುದು ಸುಲಭದ ಪರೀಕ್ಷೆ. ಓದಿನ ಬಗ್ಗೆ ಬರೆಯುವಾಗಲೂ ಇದೇ ಕ್ರಮ: ಗುಣಿತಾಕ್ಷರಗಳನ್ನು ತಡೆಯಿಲ್ಲದೆ ಓದುವ ಮಗು ಒತ್ತಕ್ಷರ ಬಂದಾಗ ನಿಂತು ಊಹಿಸುತ್ತದೆಯೇ, ಅಥವಾ ಪದವನ್ನು ಸರಿಯಾಗಿ ಓದಿಯೂ ವಾಕ್ಯದ ಅರ್ಥ ಹೇಳಲು ತಡಕಾಡುತ್ತದೆಯೇ? ಇವೆರಡೂ ಬೇರೆ ಬೇರೆ ತೊಡಕುಗಳಾದ್ದರಿಂದ ಮನೆಯವರಿಗೆ ಕೊಡುವ ಸಲಹೆಯೂ ಬೇರೆಯಾಗಬೇಕು. ಒಂದು ಪತ್ರದಲ್ಲಿ ಒಂದೇ ಸಲಹೆ ಇರಲಿ, ಅದು ಅಕ್ಷರ ಬಾರದ ಪೋಷಕರೂ ಮಾಡಬಲ್ಲಂಥದ್ದಾಗಿರಲಿ. ಮಗು ಓದುವಾಗ ಪಕ್ಕದಲ್ಲಿ ಕುಳಿತು ಕಥೆಯಲ್ಲಿ ಮುಂದೇನಾಯಿತು ಎಂದು ಕೇಳುವುದಕ್ಕೆ ಅಕ್ಷರಜ್ಞಾನ ಬೇಕಿಲ್ಲ.

ಅಂಕಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಚಿಕ್ಕ ಮಕ್ಕಳ ಪತ್ರದಲ್ಲಿ ಟಿಪ್ಪಣಿ ಮೇಲಿರಬೇಕು, ಅಂಕ ಕೆಳಗಿರಬೇಕು. ರೂತ್ ಬಟ್ಲರ್ ಇಸ್ರೇಲಿನ ಐದು ಮತ್ತು ಆರನೇ ತರಗತಿಯ ಮಕ್ಕಳ ನಡುವೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿಯೂ ಸಾಧನೆಯೂ ಚೆನ್ನಾಗಿ ಉಳಿದವು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅದು ಮಕ್ಕಳನ್ನು ಕುರಿತ ಅಧ್ಯಯನವಾದರೂ, ಮನೆಯಲ್ಲಿಯೂ ಅಂಕದ ಮೇಲೆ ಕಣ್ಣು ಬಿದ್ದ ಮೇಲೆ ಉಳಿದ ಸಾಲುಗಳನ್ನು ಓದುವ ತಾಳ್ಮೆ ಕಡಿಮೆಯಾಗುತ್ತದೆ ಎಂಬುದನ್ನು ಶಿಕ್ಷಕರೆಲ್ಲರೂ ಬಲ್ಲರು. ತರಗತಿಯಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನಂತೂ ಬರೆಯಲೇಬಾರದು. ಬೇರೆ ಮಗುವಿನ ಹೆಸರು ಯಾವ ಕಾರಣಕ್ಕೂ ಪತ್ರದಲ್ಲಿ ಬರಕೂಡದು.

ನಡವಳಿಕೆಯ ಬಗ್ಗೆ ಬರೆಯುವಾಗ ಸ್ವಭಾವಕ್ಕೆ ಹೆಸರಿಡದೆ, ನಡೆದದ್ದನ್ನು ಹೇಳಬೇಕು. ‘ಹಠಮಾರಿ’ ಎಂದರೆ ಮನೆಯಲ್ಲಿ ಏಟು ಬೀಳಬಹುದು. ‘ಗುಂಪಿನಲ್ಲಿ ಆಡುವಾಗ ತನ್ನ ಸರದಿ ಬರುವವರೆಗೆ ಕಾಯುವುದು ಅವನಿಗೆ ಇನ್ನೂ ಕಷ್ಟ, ಮೊದಲೇ ನೆನಪಿಸಿದ ದಿನ ಕಾಯುತ್ತಾನೆ’ ಎಂದರೆ ಮನೆಯವರಿಗೆ ದಾರಿ ಸಿಗುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿ ಇದ್ದರೆ ಅದು ಪೋಷಕರಿಗೆ ಮೊದಲ ಬಾರಿಗೆ ಪತ್ರದ ಮೂಲಕ ತಿಳಿಯಬಾರದು. ಮೊದಲು ಕರೆಸಿ, ಎದುರು ಕುಳಿತು ಮಾತನಾಡಿ, ಅಲ್ಲಿ ಒಪ್ಪಿಕೊಂಡದ್ದನ್ನು ಮಾತ್ರ ಪತ್ರದಲ್ಲಿ ಬರೆಯಿರಿ.

ಹಾಜರಾತಿಯನ್ನು ಶೇಕಡಾವಾರು ಹೇಳುವ ಬದಲು ದಿನಗಳಲ್ಲಿ ಹೇಳಿ. ಶೇಕಡಾ 90 ಎಂದರೆ ಒಳ್ಳೆಯ ಅಂಕದಂತೆ ಕೇಳಿಸುತ್ತದೆ. ನೂರು ದಿನಗಳಲ್ಲಿ ಹತ್ತು ದಿನ ಮಗು ಬಂದಿಲ್ಲ ಎಂದರೆ ವಿಷಯ ಮನಸ್ಸಿಗೆ ತಟ್ಟುತ್ತದೆ. ಟಾಡ್ ರಾಜರ್ಸ್ ಮತ್ತು ಆ್ಯವಿ ಫೆಲ್ಲರ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಗು ಒಟ್ಟು ಎಷ್ಟು ದಿನ ತಪ್ಪಿಸಿಕೊಂಡಿದೆ ಎಂಬುದನ್ನು ಅಂಚೆಯಲ್ಲಿ ತಿಳಿಸಿದ್ದರಿಂದಲೇ ತೀರ ಹೆಚ್ಚು ದಿನ ಶಾಲೆ ತಪ್ಪಿಸುವ ಮಕ್ಕಳ ಪ್ರಮಾಣ ಶೇಕಡಾ 10ರಷ್ಟೋ ಅದಕ್ಕಿಂತ ಹೆಚ್ಚೋ ಇಳಿಯಿತು. ತಮ್ಮ ಮಗು ಅಷ್ಟೊಂದು ದಿನ ಶಾಲೆಗೆ ಹೋಗಿಲ್ಲ ಎಂಬ ಅಂದಾಜೇ ಬಹಳ ಪೋಷಕರಿಗೆ ಇರಲಿಲ್ಲ.

ಶಾಲೆಯ ಸಮಾಚಾರದ ಹಾಳೆ ಒಂದು ಪುಟ ಮೀರದಿರಲಿ. ಪೋಷಕರು ಏನನ್ನಾದರೂ ಮಾಡಬೇಕಿದ್ದರೆ, ಅಂದರೆ ಸಭೆಗೆ ಬರುವುದು, ಒಪ್ಪಿಗೆಗೆ ಸಹಿ ಹಾಕುವುದು, ರಜೆಯ ದಿನಾಂಕ ಗುರುತು ಮಾಡಿಕೊಳ್ಳುವುದು, ಅವೆಲ್ಲ ಮೇಲ್ಭಾಗದಲ್ಲೇ ಬರಲಿ. ಕಾರ್ಯಕ್ರಮಗಳ ವರದಿಯಲ್ಲಿ ಅತಿಥಿಗಳ ಪಟ್ಟಿಗಿಂತ ಮಕ್ಕಳು ಏನು ಮಾಡಿದರು, ಏನು ಕಲಿತರು ಎಂಬುದಕ್ಕೆ ಜಾಗ ಕೊಡಿ. ಮಕ್ಕಳ ಛಾಯಾಚಿತ್ರ ಹಾಕುವ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಇರಬೇಕು.

ಕಳುಹಿಸುವ ಮೊದಲು ಪ್ರತಿ ಪತ್ರವನ್ನೂ ಒಮ್ಮೆ ಗಟ್ಟಿಯಾಗಿ ಓದಿ. ಸಂಕಲನಾತ್ಮಕ, ರೂಪಣಾತ್ಮಕ ಎಂಬಂಥ ಶಿಕ್ಷಕರ ನಡುವಿನ ಪದಗಳು ಉಳಿದಿದ್ದರೆ ಆಗ ಕಿವಿಗೆ ಬೀಳುತ್ತವೆ. ಒಂದು ಮಗುವಿನ ಪತ್ರವನ್ನು ನಕಲು ಮಾಡಿ ಇನ್ನೊಂದಕ್ಕೆ ತಿದ್ದಿದಾಗ ಹಳೆಯ ಹೆಸರೋ ‘ಅವನು’, ‘ಅವಳು’ ಎಂಬುದೋ ಹಾಗೆಯೇ ಉಳಿದಿದ್ದರೂ ಸಿಕ್ಕಿಬೀಳುತ್ತದೆ. ಆ ಒಂದು ತಪ್ಪು ಇಡೀ ಪತ್ರದ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ. ಓದು ಬಾರದ ಮನೆಗಳಿಗೆ ಅದೇ ಮಾತುಗಳನ್ನು ಧ್ವನಿ ಸಂದೇಶವಾಗಿ ಕಳುಹಿಸಿ. ಹಾಳೆಯ ಕೊನೆಯಲ್ಲಿ ಪೋಷಕರು ಉತ್ತರ ಬರೆಯಲು ನಾಲ್ಕು ಗೆರೆ ಬಿಡಿ, ‘ಮನೆಯಲ್ಲಿ ನೀವು ಕಂಡದ್ದೇನು?’ ಎಂದು ಕೇಳಿ, ಮರಳಿ ಬಂದ ಉತ್ತರಗಳನ್ನು ಆಯಾ ಮಗುವಿನ ಪುಟಕ್ಕೆ ಅಂಟಿಸಿಕೊಂಡು ಮುಂದಿನ ಅವಧಿಯ ಪಾಠವನ್ನು ಅಲ್ಲಿಂದ ಯೋಜಿಸಿ.