ಆ ಪೊಟ್ಟಣ ಈಗ ಎಲ್ಲಿದೆ?

“ಸಿಸ್ಟರ್, ಆವತ್ತು ನೀವು ತೆಗೆದಿಟ್ಟ ನನ್ನ ಚೂಡಿದಾರ ಈಗ ಎಲ್ಲಿದೆ?”

ಅತ್ಯಾಚಾರದ ಘಟನೆ ನಡೆದು ಎಂಟು ತಿಂಗಳಾಗಿತ್ತು. ಅಮ್ಮನ ಶುಗರ್ ಮಾತ್ರೆಗೆಂದು ಬಂದಿದ್ದ ಹುಡುಗಿ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು. ಪೊಲೀಸರ ಹತ್ತಿರ ಇರಬೇಕು ಎಂದೆ. “ಲ್ಯಾಬಿಗೆ ಹೋಗಿದೆ ಅಂತಾರೆ ಅಕ್ಕ. ಯಾವ ಲ್ಯಾಬು, ಯಾವಾಗ ಹೋಯ್ತು ಅಂತ ಕೇಳಿದರೆ ಯಾರೂ ಹೇಳುವುದಿಲ್ಲ” ಎಂದಳು. ಅವಳ ಮೈಮೇಲಿನ ಬಟ್ಟೆ ಬಿಡಿಸಿ ಸಾಕ್ಷ್ಯಕ್ಕೆಂದು ಕಾಗದದಲ್ಲಿ ಕಟ್ಟಿದವಳು ನಾನು. ಅದು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಆ ದಿನ ಮನೆಗೆ ಹೋದರೂ ಊಟ ಸೇರಲಿಲ್ಲ.

ನಾನು ಚಂದ್ರಗಿರಿ ಹೊಳೆಯ ಈಚೆ, ಕಾಸರಗೋಡಿನ ಉತ್ತರ ಭಾಗದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅತ್ಯಾಚಾರಕ್ಕೊಳಗಾಗಿ ಬಂದವರ ಪರೀಕ್ಷೆ ಮಾಡುವುದು ಡಾಕ್ಟರು. ಕಾಗದ ಹಾಸುವುದು, ಒಣಗಿಸುವುದು, ಕಟ್ಟುವುದು, ಬರೆಯುವುದು ನನ್ನ ಕೆಲಸ. ಈ ಬರಹದಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಅದು ಕಾನೂನಿನ ಮಾತೂ ಹೌದು.

ಮೊದಲ ವರ್ಷ ನಾನೇ ಒಂದು ತಪ್ಪು ಮಾಡಿದ್ದೆ. ಆಟಿ ತಿಂಗಳು. ಮನೆಯ ಬಟ್ಟೆಯೇ ಮೂರು ದಿನಕ್ಕೆ ಒಣಗದ ಕಾಲ. ಮಳೆಯಲ್ಲಿ ನೆನೆದು ಬಂದ ಹೆಂಗಸಿನ ನೈಟಿಯನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟೆ. ನಾಲ್ಕನೇ ದಿನ ತೆರೆದರೆ ಬೂಸ್ಟು ವಾಸನೆ. ಅಂಚಿನಲ್ಲಿ ಬೂದು ಚುಕ್ಕಿಗಳು. ತೇವ ಇದ್ದಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಡಿಎನ್ಎ ಹಾಳಾಗುತ್ತದೆ. ಆ ಹೆಂಗಸು ಎಷ್ಟು ಧೈರ್ಯ ಮಾಡಿ ಬಂದಿದ್ದಳೋ ಏನೋ. ಅದನ್ನು ನಾನು ಒಂದು ಕ್ಯಾರಿಬ್ಯಾಗಿನಲ್ಲಿ ಕೊಳೆಸಿದ್ದೆ.

ಈಗ ಹೀಗೆ ಮಾಡುತ್ತೇನೆ. ನೆಲಕ್ಕೆ ಎರಡು ದೊಡ್ಡ ಕಾಗದ, ಒಂದರ ಮೇಲೊಂದು. ಮೇಲಿನದರ ಮೇಲೆ ನಿಂತು ಅವಳೇ ಬಟ್ಟೆ ಬದಲಿಸುತ್ತಾಳೆ. ನಾನು ಸೀರೆಯನ್ನೋ ಬೆಡ್‌ಶೀಟನ್ನೋ ಅಡ್ಡ ಹಿಡಿದು ಮುಖ ತಿರುಗಿಸಿರುತ್ತೇನೆ. ಬಟ್ಟೆಯಿಂದ ಉದುರಿದ ಮಣ್ಣು, ಕೂದಲು, ಹುಲ್ಲಿನ ಎಸಳು ಎಲ್ಲ ಆ ಮೇಲಿನ ಕಾಗದದಲ್ಲೇ ಉಳಿಯುತ್ತದೆ. ಅದನ್ನು ಮಡಚಿ ಬೇರೆ ಕವರಿಗೆ ಹಾಕುತ್ತೇನೆ. ಬಟ್ಟೆ ಕೊಡವಬಾರದು. ಒಂದೊಂದು ಬಟ್ಟೆಗೂ ಬೇರೆ ಬೇರೆ ಕಾಗದದ ಕವರು. ತೇವ ಇದ್ದರೆ ಬೀಗ ಹಾಕುವ ಸಣ್ಣ ಕೋಣೆಯಲ್ಲಿ ನೆರಳಲ್ಲಿ ಒಣಗಿಸುತ್ತೇನೆ, ಒಂದು ಸಲಕ್ಕೆ ಒಬ್ಬರದ್ದು ಮಾತ್ರ. ಫ್ಯಾನಿನ ಗಾಳಿ ನೇರ ಬೀಸಬಾರದು, ಎಳೆ, ಕೂದಲು ಹಾರಿಹೋಗುತ್ತದೆ. ಬಿಸಿಲೂ ಆಗದು. ಮೈಯಿಂದ ಮಾದರಿ ಒರೆಸಿ ತೆಗೆಯುವ ಹತ್ತಿಯ ಸ್ವ್ಯಾಬ್ ಕಡ್ಡಿಗಳಿಗೂ ಇದೇ ನಿಯಮ. ಮಳೆಗಾಲದಲ್ಲಿ ಇದಕ್ಕೆ ತಾಳ್ಮೆ ಬೇಕು. ಒಣಗುವ ಮೊದಲೇ “ಬೇಗ ಕೊಡಿ ಸಿಸ್ಟರ್” ಎಂದು ಪೊಲೀಸರು ಬಾಗಿಲಲ್ಲಿ ನಿಂತರೂ ನಾನು ಕೊಡುವುದಿಲ್ಲ.

ಸ್ನಾನ ಮಾಡಿ ಬಂದಿದ್ದೇನೆ, ಇನ್ನು ಏನೂ ಸಿಗುವುದಿಲ್ಲ ಅಲ್ವಾ ಎಂದು ಅಳುವವರಿದ್ದಾರೆ. ಘಟನೆಯಾಗಿ 72 ಗಂಟೆಯ ಮೇಲೆ ಸಿಗುವುದು ಕಡಿಮೆಯಾಗುತ್ತದೆ, ನಿಜ. ಆದರೂ 96 ಗಂಟೆಯವರೆಗೆ ಸ್ವ್ಯಾಬ್ ತೆಗೆಯಿರಿ ಎಂದೇ ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಹೇಳುತ್ತದೆ. ಸಾಕ್ಷ್ಯ ಹೋದರೂ ಚಿಕಿತ್ಸೆ ಉಂಟಲ್ಲ. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಮದ್ದು, ಎರಡಕ್ಕೂ ಬೇಗ ಬಂದಷ್ಟು ಒಳ್ಳೆಯದು.

ಒಪ್ಪಿಗೆ ಪತ್ರದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮಗೆ ಬರುವ ಫಾರಂ ಮಲಯಾಳ, ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿ ಬರುವವರ ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳದ ‘ಸಮ್ಮತಂ’ ಎಂದರೆ ನಮ್ಮ ‘ಸಮ್ಮತ’ ತಾನೆ ಎಂದು ಸುಮ್ನೆ ಸಹಿ ಹಾಕಿಬಿಡುತ್ತಾರೆ. ಯಾವುದಕ್ಕೆ ಸಮ್ಮತ ಎಂದು ಯಾರು ಹೇಳುವುದು? ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಬೇಕಾದವರಿಗೆ ತುಳುವಿನಲ್ಲಿ ಹೇಳುತ್ತೇನೆ: “ಪರೀಕ್ಷೆಗೆ ಬೇರೆ, ಸ್ಯಾಂಪಲ್ ತೆಗೆಯಲು ಬೇರೆ ಕೇಳುತ್ತೇವೆ. ಬೇಡ ಅಂದರೆ ಬೇಡ. ಅರ್ಧದಲ್ಲಿ ನಿಲ್ಲಿಸಿ ಅಂದರೂ ನಿಲ್ಲಿಸುತ್ತೇವೆ. ಮದ್ದು ಕೊಡುವುದನ್ನು ನಿಲ್ಲಿಸುವುದಿಲ್ಲ.” ಎರಡು ಬೆರಳಿನ ಪರೀಕ್ಷೆ ಮಾಡುತ್ತೀರಾ ಎಂದು ಹೆದರಿ ಕೇಳಿದವರಿದ್ದಾರೆ. ಇಲ್ಲ. ಹಿಂದೆ ಲೈಂಗಿಕ ಸಂಬಂಧ ಇತ್ತೇ ಎಂದು ಯೋನಿಯೊಳಗೆ ಬೆರಳಿಟ್ಟು ನೋಡುವುದು ಅದು. ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಕಾನೂನು ನಮ್ಮ ಕೈಯವರೆಗೆ ಚೆನ್ನಾಗಿಯೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿದ 24 ಗಂಟೆಯೊಳಗೆ ಅತ್ಯಾಚಾರಕ್ಕೊಳಗಾದವಳನ್ನು ಡಾಕ್ಟರ ಹತ್ತಿರ ಕಳುಹಿಸಬೇಕು. ಡಾಕ್ಟರು 7 ದಿನದೊಳಗೆ ವರದಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನದೊಳಗೆ ಅವಳಿಗೆ ತಿಳಿಸಬೇಕು, ಅದು 193ನೇ ಕಲಮು. ಆದರೆ ಆ ಪೊಟ್ಟಣ ಠಾಣೆಯಲ್ಲಿದೆಯೋ ಕೋರ್ಟಿನಲ್ಲಿದೆಯೋ ಲ್ಯಾಬಿನಲ್ಲಿದೆಯೋ ಎಂದು ಅವಳೇ ನೋಡಿ ತಿಳಿಯುವ ದಾರಿ ಇದರಲ್ಲಿ ಇಲ್ಲ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2009ರಲ್ಲಿ ಪೊಲೀಸರ ಗೋದಾಮಿನಲ್ಲಿ ಹೀಗೆ ಪರೀಕ್ಷೆಗೇ ಹೋಗದ 11,000ಕ್ಕೂ ಹೆಚ್ಚು ಕಿಟ್‌ಗಳು, ಅಂದರೆ ಇಂಥದೇ ಸಾಕ್ಷ್ಯದ ಪೊಟ್ಟಣಗಳು, ಸಿಕ್ಕಿದ್ದವು. ಅದೇ ದೇಶದ ಐಡಹೊ ರಾಜ್ಯ 2016ರಲ್ಲಿ ಕಾನೂನು ಮಾಡಿ ಪ್ರತಿ ಕಿಟ್‌ಗೂ ಒಂದು ನಂಬರು ಕೊಟ್ಟಿತು. ಆಸ್ಪತ್ರೆ, ಪೊಲೀಸ್, ಲ್ಯಾಬ್, ಪ್ರತಿಯೊಬ್ಬರೂ ತಮ್ಮ ಕೈಗೆ ಬಂದ ದಿನವನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಸಾಕ್ಷ್ಯ ಕೊಟ್ಟ ಹೆಂಗಸು ಮನೆಯಲ್ಲೇ ಕೂತು ನಂಬರು ಹಾಕಿ ನೋಡಬಹುದು. ಇದನ್ನು ಓದಿದಾಗ ವರಾಂಡದ ಆ ಹುಡುಗಿಯ ಮುಖವೇ ಕಣ್ಣಮುಂದೆ ಬಂತು. ನಮ್ಮಲ್ಲಿ ಅಂಚೆಗೆ ಹಾಕಿದ ಸ್ಪೀಡ್ ಪೋಸ್ಟ್ ಕಾಗದ ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು. ಇದು ಅದಕ್ಕಿಂತ ಕಡಿಮೆಯದ್ದೇ?

ಕಾನೂನು ಮಾಡುವುದು ನನ್ನ ಕೈಯಲ್ಲಿಲ್ಲ. ಸೂಪರಿಂಟೆಂಡೆಂಟರನ್ನು ಕೇಳಿ ಒಂದು ರಿಜಿಸ್ಟರ್ ಇಟ್ಟೆ. ಹೆಸರು ಬರೆಯುವುದಿಲ್ಲ, ಆಸ್ಪತ್ರೆಯ ನಂಬರು ಮಾತ್ರ. ಎಷ್ಟು ಪೊಟ್ಟಣ, ಪ್ರತಿಯೊಂದರಲ್ಲಿ ಏನು, ಅರಗಿನ ಸೀಲು ಹಾಕಿದ ಗಂಟೆ, ತೆಗೆದುಕೊಂಡ ಪೊಲೀಸರ ಹೆಸರು, ಸಹಿ. ಇಷ್ಟು ಮೊದಲೂ ಬರೆಯುತ್ತಿದ್ದೆವು. ನಾನು ಸೇರಿಸಿದ್ದು ಎರಡು ಕಾಲಮು: ಲ್ಯಾಬಿಗೆ ಹೋದ ದಿನ, ವರದಿ ಬಂದ ದಿನ. ತಿಂಗಳ ಮೊದಲ ವಾರ ಠಾಣೆಗೆ ಫೋನ್ ಮಾಡಿ ಕೇಳಿ ತುಂಬಿಸುತ್ತೇನೆ. ಮೊದಮೊದಲು “ನಿಮಗೆ ಯಾಕೆ ಅದೆಲ್ಲ” ಎಂದರು. ಒಬ್ಬರು ವನಿತಾ ಪೊಲೀಸ್ ಮೇಡಂ ಮಾತ್ರ ಈಗ ಅವರಾಗಿಯೇ ಫೋನ್ ಮಾಡಿ ದಿನಾಂಕ ಹೇಳುತ್ತಾರೆ. ಹೊರಡುವಾಗ ಹೆಂಗಸಿನ ಕೈಗೆ ಒಂದು ಚೀಟಿ ಕೊಡುತ್ತೇವೆ: ನಂಬರು, ಪೊಟ್ಟಣಗಳ ಲೆಕ್ಕ, ಠಾಣೆಯ ಫೋನು. ವೈದ್ಯಕೀಯ ವರದಿಯ ಪ್ರತಿಯನ್ನೂ ದುಡ್ಡು ತೆಗೆದುಕೊಳ್ಳದೆ ಕೊಡುತ್ತೇವೆ.

ಗಡಿಯದ್ದು ಮಾತ್ರ ಇನ್ನೂ ಸರಿಯಾಗಿಲ್ಲ. ಮಂಜೇಶ್ವರ ಕಡೆಯವರಿಗೆ ಮಂಗಳೂರೇ ಹತ್ತಿರ. ಒಬ್ಬಳು ಮೊದಲು ಆಚೆಯ ಒಂದು ಆಸ್ಪತ್ರೆಗೆ ಹೋಗಿದ್ದಳು. ಸ್ವ್ಯಾಬ್ ಅಲ್ಲಿ ತೆಗೆದರು, ಬಟ್ಟೆ ನಮ್ಮಲ್ಲಿ ಬಿಚ್ಚಿದಳು, ಕೇಸು ಕೇರಳದ್ದು. ಅಲ್ಲಿಯ ಸ್ವ್ಯಾಬ್ ಯಾರ ಕೈಗೆ ಹೋಯಿತೆಂದು ಇಲ್ಲಿಯ ಠಾಣೆಗೆ ಗೊತ್ತಿರಲಿಲ್ಲ. ಅಲ್ಲಿಯ ನರ್ಸ್ ಒಬ್ಬಳನ್ನು ಪರಿಚಯದವರ ಮೂಲಕ ಹುಡುಕಿ ವಿಚಾರಿಸಿದೆ. ಪೊಟ್ಟಣ ಅವರ ಕಪಾಟಿನಲ್ಲೇ ಇತ್ತು, ಹನ್ನೊಂದು ದಿನದಿಂದ, ಕೇಳುವವರಿಲ್ಲದೆ. ಮರುದಿನವೇ ಇಲ್ಲಿಯ ಪೊಲೀಸರು ಹೋಗಿ ಸಹಿ ಹಾಕಿ ತಂದರು. ಆ ಪುಟದಲ್ಲಿ ಲ್ಯಾಬಿಗೆ ಹೋದ ದಿನ ತುಂಬಿದೆ. ವರದಿಯ ಕಾಲಮು ಇನ್ನೂ ಖಾಲಿ. ಮುಂದಿನ ವಾರ ಮತ್ತೆ ಕೇಳಬೇಕು.