ಕಲಬುರಗಿಯಲ್ಲೇ ಕೂತು ವಿಜ್ಞಾನಿಗಳ ಬಳಗ ಕಟ್ಟುವುದು ಹೇಗೆ?

ಗಿಡ ಬಾಡಿ ಒಣಗುವ ತೊಗರಿಯ ನೆಟೆ ರೋಗ ನನ್ನ ಸಂಶೋಧನೆಯ ವಿಷಯ. ಹೋದ ವರ್ಷ ಸಮ್ಮೇಳನಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಹೋಗಿಬರಲು ಎರಡು ರಾತ್ರಿ ರೈಲಿನಲ್ಲಿ, ವೇದಿಕೆಯ ಮೇಲೆ ಹತ್ತು ನಿಮಿಷ. ಕೆಲಸಕ್ಕೆ ಬಂದದ್ದು ಚಹಾ ಕುಡಿಯುವಾಗ ಒಬ್ಬರು ಕೇಳಿದ ಒಂದು ಪ್ರಶ್ನೆ: "ಆ ಹೊಲದಲ್ಲಿ ಹಿಂದಿನ ವರ್ಷವೂ ತೊಗರಿಯೇ ಇತ್ತಾ?" ಇಂಥ ಪ್ರಶ್ನೆ ಕೇಳುವವರು ನಮಗೆ ತಿಂಗಳಿಗೆ ಎರಡು ಸಲವಾದರೂ ಸಿಗಬೇಕು, ಅಲ್ವಾ?

ಅದಕ್ಕೆ ಆನ್‌ಲೈನ್ ವಿಡಿಯೊ ಸಭೆಯೇ ದಾರಿ. ಎಂಟು-ಹತ್ತು ಜನ ಸಾಕು. ಐವತ್ತು ಜನ ಸೇರಿದರೆ ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೂರುತ್ತಾರೆ. ವಿಷಯವೂ ಚಿಕ್ಕದಿರಲಿ. "ಬೆಳೆ ರೋಗಗಳು" ಬೇಡ, "ತೊಗರಿ ನೆಟೆ" ಸಾಕು. ನೀವು ಓದಿದ ಪ್ರಬಂಧಗಳಲ್ಲೇ ಲೇಖಕರ ಇಮೇಲ್ ಇರುತ್ತದೆ. ನಾಲ್ಕು ಸಾಲು ಬರೆದು ಕರೆಯಿರಿ. ಕೀನ್ಯಾ, ಮಲಾವಿಯಲ್ಲೂ ತೊಗರಿ ಬೆಳೆಯುತ್ತಾರೆ. ನಮ್ಮ ಸಂಜೆ 7:30 ಎಂದರೆ ನೈರೋಬಿಯಲ್ಲಿ 5 ಗಂಟೆ. ಲಂಡನ್ನಿನವರಿದ್ದರೆ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಸಮಯ ಮತ್ತೊಮ್ಮೆ ತಿಳಿಸಿ. ಅಲ್ಲಿ ಗಡಿಯಾರ ಒಂದು ಗಂಟೆ ಬದಲಾಗುತ್ತದೆ.

ಒಬ್ಬರು 15 ನಿಮಿಷ ಹೇಳಲಿ, ಉಳಿದ ಮುಕ್ಕಾಲು ಗಂಟೆ ಎಲ್ಲರ ಮಾತು. ಮುಗಿದ ಕೆಲಸ ತರಬೇಡಿ, ಸಿಕ್ಕಿಕೊಂಡಿರುವ ಕೆಲಸ ತನ್ನಿ. ಸೀಳಿದ ಕಾಂಡದೊಳಗಿನ ಕಂದು ಗೆರೆಯ ಫೋಟೊ ಸಾಕು, ಪಕ್ಕದಲ್ಲಿ ಸ್ಕೇಲ್ ಇಡಿ. ತಳಿ, ಬಿತ್ತಿದ ತಾರೀಖು, ಹಿಂದಿನ ಬೆಳೆ ಬರೆಯಿರಿ. ನೆಟೆಯ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ ಹಿಂದಿನ ಬೆಳೆ ಗೊತ್ತಿಲ್ಲದಿದ್ದರೆ ಫೋಟೊದಿಂದ ಜಾಸ್ತಿ ಉಪಯೋಗವಿಲ್ಲ.

ಪ್ರಕಟವಾಗದ ಮಾಹಿತಿ ತೋರಿಸಲು ಯಾರಿಗಾದರೂ ಭಯವೇ. ಕೇಳದೆ ರೆಕಾರ್ಡ್ ಮಾಡುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆಯುವುದಿಲ್ಲ ಎಂದು ಮೊದಲ ದಿನವೇ ಎಲ್ಲರೂ ಒಪ್ಪಿಕೊಳ್ಳಿ. ಮೊದಲ ಪ್ರಶ್ನೆ ವಿದ್ಯಾರ್ಥಿಗಳದ್ದೇ ಆಗಿರಲಿ. ನಮ್ಮ ಹಳ್ಳಿಗಳಿಂದ ಬಂದ ಹುಡುಗಿಯರು ಇಂಗ್ಲಿಷಿಗೆ ಹೆದರಿ ಬಾಯಿ ಬಿಡುವುದಿಲ್ಲ. ಅವರು ಚಾಟಿನಲ್ಲಿ ಬರೆಯಲಿ, ಒಬ್ಬರು ಅದನ್ನು ಓದಿ ಹೇಳಲಿ. ಇದನ್ನು ಮಾತ್ರ ಯಾವ ಸಭೆಯಲ್ಲೂ ಬಿಡಬೇಡಿ.

ಕರೆಂಟ್ ಹೋಗಬಹುದು, ಆದ್ದರಿಂದ ಸ್ಲೈಡ್‌ಗಳ ಪಿಡಿಎಫ್ ಹಿಂದಿನ ದಿನವೇ ಎಲ್ಲರಿಗೂ ಕಳಿಸಿ. ಆಗ ಫೋನಿನಲ್ಲಿ ಬರೀ ಧ್ವನಿ ಇದ್ದರೂ ಸಾಕು. ಪೋಸ್ಟರ್ ತಯಾರಾದರೆ ಸಂಶೋಧನಾ ಕಡತಗಳನ್ನು ಇಡುವ ಝೆನೋಡೊ ಜಾಲತಾಣದಲ್ಲಿ ಹಾಕಿ. ಅದು ಉಚಿತ, ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆಯೂ ಸಿಗುತ್ತದೆ. ಅದನ್ನು ಬಯೋಡೇಟಾದಲ್ಲಿ ಬರೆಯಬಹುದು.

ಗಿಡ ಹೂ ಬಿಟ್ಟು ಕಾಯಿ ಕಟ್ಟುವಾಗ ನೆಟೆ ಹೆಚ್ಚು ಕಾಣುತ್ತದೆ. ಆಗ ಮಾತ್ರ ವಾರಕ್ಕೊಮ್ಮೆ ಸೇರಿ. ಹೊಲದಲ್ಲಿ ನಿಂತೇ ಫೋಟೊ ಕಳಿಸಿ, ಸಂಜೆಯೊಳಗೆ ಯಾರಾದರೂ ಉತ್ತರಿಸುತ್ತಾರೆ.