ಹೀಟರ್ ತರೋಕ್ಕೆ ಮುಂಚೆ ಗೋಡೆಯ ಪ್ಲಗ್ ನೋಡಿ

ಹುತ್ತರಿ ಹಬ್ಬ ಮುಗಿದು ಕಾಫಿ ಕುಯ್ಲು ಶುರುವಾದ್ರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬರೋಕ್ಕೆ ಶುರುವಾಗುತ್ತೆ, "ಚಿಕ್ಕಮ್ಮ, ಅಮ್ಮನ ರೂಮಿಗೆ ಯಾವ ಹೀಟರ್ ತರೋದು?" ಅಂತ. ಮಡಿಕೇರಿ ಇರೋದು ಸುಮಾರು 3,800 ಅಡಿ ಎತ್ತರದಲ್ಲಿ, ಜನವರಿ ರಾತ್ರಿ ಹತ್ತು ಹನ್ನೆರಡು ಡಿಗ್ರಿ ಅಂದ್ರೆ ಡೆಲ್ಲಿಯವರಿಗೆ ಏನೂ ಅಲ್ಲ ಅನ್ನಿಸ್ಬಹುದು, ಆದ್ರೆ ನಮ್ಮ ಚಳಿ ಒದ್ದೆ ಚಳಿ, ದಿಂಬು ಮುಟ್ಟಿದ್ರೆ ನೀರಲ್ಲಿ ಅದ್ದಿ ಹಿಂಡಿದ ಹಾಗೆ ಇರುತ್ತೆ, ವಯಸ್ಸಾದವರ ಮಂಡಿ ರಾತ್ರಿಯೆಲ್ಲಾ ಕಚ್ಚುತ್ತೆ. ಹಾಗಾಗಿ ಹೀಟರ್ ಬೇಡ ಅಂತ ನಾನು ಯಾರಿಗೂ ಹೇಳಲ್ಲ. ಆದ್ರೆ ಯಾವ ಕಂಪನಿ ಅಂತ ಹೇಳೋಕ್ಕೆ ಮುಂಚೆ ನಾನು ತಿರುಗಿ ಕೇಳೋದು, ಆ ರೂಮಿನ ಗೋಡೇಲಿ ಇರೋ ಪ್ಲಗ್ ಸಣ್ಣದಾ ದೊಡ್ಡದಾ ಅಂತ.

ಇದು ಯಾಕೆ ಅಂದ್ರೆ, ಅಂಗಡೀಲಿ ಸಿಗೋ ಹೀಟರ್ ಬಹುಪಾಲು 2000 ವಾಟ್‌ದು. ನಮ್ಮ 230 ವೋಲ್ಟ್ ಕರೆಂಟಲ್ಲಿ ಅದು ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತೆ. ಮೊಬೈಲ್ ಚಾರ್ಜರ್, ಟೇಬಲ್ ಫ್ಯಾನ್ ಹಾಕೋ ಸಣ್ಣ ಪ್ಲಗ್ ಇದ್ಯಲ್ಲ, ಅದು ಬರೀ 6 ಆಂಪ್‌ದು. ಗೀಸರ್‌ಗೆ ಹಾಕಿರ್ತಾರಲ್ಲ ದಪ್ಪ ತೂತಿನ ಮೂರು ಪಿನ್ನಿನ ಪವರ್ ಪ್ಲಗ್, 16 ಆಂಪ್‌ದು, ಅದೇ ಬೇಕು. ನಮ್ಮ ಮನೇಲಿ ಮೊದಲನೇ ವರ್ಷ ಹೀಟರ್ ತಂದಾಗ ದಪ್ಪ ಪಿನ್ನು ಬೋರ್ಡಿಗೆ ಹೋಗಲಿಲ್ಲ, ಅಂಗಡಿಯವರು ಒಂದು ಕನ್ವರ್ಟರ್ ಪ್ಲಗ್ ಕೊಟ್ಟು ಇದ್ರಲ್ಲಿ ಹಾಕಿ ಏನೂ ಆಗಲ್ಲ ಅಂದ್ರು, ನಾವೂ ಹಾಕಿದ್ವಿ. ನಾಲ್ಕನೇ ದಿನ ರಾತ್ರಿ ರೂಮಿಗೆ ಹೋದ್ರೆ ಪ್ಲಾಸ್ಟಿಕ್ ಸೀದ ವಾಸನೆ, ಬೋರ್ಡಿನ ಮುಖ ಕಂದು ಬಣ್ಣ ಆಗ್ಬಿಟ್ಟಿದೆ. ಮಾರನೇ ದಿನ ವೈರಿಂಗ್ ಮಾಡೋರು ಬಂದು ಬಿಚ್ಚಿ ತೋರಿಸಿದ್ರು, ಒಳಗೆ ವೈರಿನ ಮೇಲಿನ ಸಿಪ್ಪೆ ಹಪ್ಪಳದ ಹಾಗೆ ಪುಡಿ ಪುಡಿ ಉದುರ್ತಾ ಇತ್ತು. ಬೋರ್ಡಿನ ಹಿಂದೆ ಹಳೇ ಮನೆಯ ಮರದ ಪಟ್ಟಿ. ಇನ್ನೆರಡು ದಿನ ಹಾಗೇ ಬಿಟ್ಟಿದ್ರೆ ಏನಾಗ್ತಿತ್ತು ಅಂತ ಈಗ ನೆನೆಸಿಕೊಂಡ್ರೂ ಕೈ ತಣ್ಣಗಾಗುತ್ತೆ.

ಅದಕ್ಕೇ ಹೇಳೋದು, ಹೀಟರಿಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಮೊದಲು ಗೋಡೆಗೆ ಖರ್ಚು ಮಾಡಿ. ಮೀಟರ್ ಹತ್ತಿರದ ಎಂಸಿಬಿ (ಭಾರ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್) ಬಾಕ್ಸಿಂದ ಆ ರೂಮಿಗೆ ಬೇರೆನೇ ಲೈನ್ ಎಳೆಸಿ, ಪವರ್ ಪ್ಲಗ್ಗಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿಸಿ, ಲೈಟಿನ ಲೈನಿಂದ ಕೊಕ್ಕೆ ಹಾಕಿ ಕೊಡೋದು ಬೇಡ ಅಂತ ಖಡಾಖಂಡಿತ ಹೇಳಿ. ಅರ್ಥಿಂಗ್ ಸರಿ ಇದ್ಯಾ ಅಂತ ಅವತ್ತೇ ಚೆಕ್ ಮಾಡಿಸಿ, ನಮ್ಮಲ್ಲಿ ಮಳೆಗಾಲದಲ್ಲಿ ಭೂಮಿ ಒದ್ದೆ ಇರೋದ್ರಿಂದ ಗೊತ್ತಾಗಲ್ಲ, ಫೆಬ್ರವರಿ ಮಾರ್ಚಿಗೆ ಅರ್ಥ್ ಗುಂಡಿ ಒಣಗಿದ್ರೆ ಅರ್ಥಿಂಗ್ ಸೋತುಹೋಗುತ್ತೆ, ಆವಾಗ ಆಗಾಗ ಒಂದು ಬಕೆಟ್ ನೀರು ಹಾಕ್ಬೇಕು. ಎಂಸಿಬಿ ಇದ್ಯಲ್ಲ ಅಂತ ಸುಮ್ಮನಿರ್ಬೇಡಿ, ಅದು ಕಾಯೋದು ವೈರನ್ನ, ಮನುಷ್ಯರನ್ನ ಕಾಯೋದು ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ 30 ಮಿಲಿಆಂಪ್‌ನ ಆರ್‌ಸಿಸಿಬಿ, ಮನೇಲಿ ಇಲ್ಲದಿದ್ರೆ ಇದೇ ನೆಪದಲ್ಲಿ ಹಾಕಿಸ್ಕೊಳ್ಳಿ. ಇನ್ನೊಂದು, ಹೀಟರ್ ಹಾಕಿದಾಗೆಲ್ಲಾ ಟ್ರಿಪ್ ಆಗ್ತಿದೆ ಅಂತ ಕೆಲವರು ದೊಡ್ಡ ಎಂಸಿಬಿ ಹಾಕಿಸ್ತಾರೆ, ಅದು ಮಾತ್ರ ಯಾವತ್ತೂ ಮಾಡ್ಬೇಡಿ, ವೈರು ಸಣ್ಣದೇ ಇದ್ದು ಎಂಸಿಬಿ ದೊಡ್ಡದಾದ್ರೆ ವೈರು ಗೋಡೆ ಒಳಗೇ ಬೇಯುತ್ತೆ, ಹೊರಗೆ ಯಾರಿಗೂ ಗೊತ್ತೇ ಆಗಲ್ಲ. ಎಕ್ಸ್‌ಟೆನ್ಷನ್ ಬೋರ್ಡಂತೂ ಹೀಟರಿಗೆ ಬೇಡವೇ ಬೇಡ.

ಹೊಸ ಹೀಟರ್ ಹಾಕಿದ ದಿನ ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ರೆ ಸರಿ, ಕೈ ಇಡೋಕ್ಕೆ ಆಗದಷ್ಟು ಬಿಸಿ ಇದ್ರೆ ಒಳಗೆ ಪಿನ್ನು ಲೂಸ್ ಇದೆ ಅಂತ ಅರ್ಥ, ಸಾಕೆಟ್ ಬದಲಾಯಿಸೋ ತನಕ ಹಾಕ್ಬೇಡಿ. ನಾನು ಪ್ರತೀ ವರ್ಷ ಇದನ್ನ ಮಾಡ್ತೀನಿ.

ಇನ್ನು ಯಾವ ಹೀಟರ್ ಅಂತ. ಕೆಂಪಗೆ ಉರಿಯೋ ರಾಡ್, ಹ್ಯಾಲೋಜನ್, ಕ್ವಾರ್ಟ್ಜ್ ಇವೆಲ್ಲ ಎದುರಿಗೆ ಕೂತವರಿಗೆ ಬಿಸಿಲು ಬಿದ್ದ ಹಾಗೆ ಮಾತ್ರ, 400 ವಾಟ್ 800 ವಾಟಿಂದೂ ಸಿಗುತ್ತೆ, ಅಂಥದ್ದು ಸಣ್ಣ ಪ್ಲಗ್ಗಿಗೂ ನಡೆಯುತ್ತೆ, ಸಂಜೆ ಕಾಲು ಕಾಯಿಸ್ಕೊಂಡು ಟಿವಿ ನೋಡೋಕ್ಕೆ ಓಕೆ. ಬೆಡ್‌ರೂಮಿಗೆ ನಾನು ಬೇಡ ಅಂತೀನಿ. ಕಂಬಳಿ ತುದಿ ಜಾರಿ ಅದರ ಮೇಲೆ ಬಿದ್ರೆ ಮುಗೀತು. ಫ್ಯಾನ್ ಇರೋ ಬ್ಲೋವರ್ ಬೇಗ ಬಿಸಿ ಮಾಡುತ್ತೆ, ರೇಟೂ ಕಮ್ಮಿ, ಆದ್ರೆ ಸದ್ದು, ಆಫ್ ಮಾಡಿದ ಐದು ನಿಮಿಷಕ್ಕೆ ರೂಮ್ ಮತ್ತೆ ತಣ್ಣಗೆ, ಮೂಗು ಗಂಟಲು ಒಣಗುತ್ತೆ. ತಗೊಳ್ಳೋದಾದ್ರೆ ಒಳಗೆ ಕಾಯಿಲ್ ಇರೋದಕ್ಕಿಂತ ಪಿಟಿಸಿ ಸೆರಾಮಿಕ್ ಇರೋದು ವಾಸಿ, ಅದು ಜಾಸ್ತಿ ಬಿಸಿಯಾದಷ್ಟೂ ತಾನೇ ಕರೆಂಟ್ ಕಮ್ಮಿ ಎಳೆಯುತ್ತೆ. ರಾತ್ರಿ ಮಲಗೋ ರೂಮಿಗೆ, ಅದ್ರಲ್ಲೂ ವಯಸ್ಸಾದವರು ಪುಟ್ಟ ಮಕ್ಕಳಿರೋ ರೂಮಿಗೆ, ನನ್ನ ಮಟ್ಟಿಗೆ ಆಯಿಲ್ ಹೀಟರೇ ಸರಿ. ದೋಸೆ ಹೆಂಚುಗಳನ್ನ ಸಾಲಾಗಿ ನಿಲ್ಲಿಸಿದ ಹಾಗೆ ರೆಕ್ಕೆ ಇರುತ್ತಲ್ಲ, 9 ರೆಕ್ಕೆ, 11 ರೆಕ್ಕೆ ಅಂತ ಬರುತ್ತೆ, ಅದು. ಒಳಗಿರೋ ಎಣ್ಣೆ ಉರಿಯೋದೂ ಇಲ್ಲ ಖರ್ಚಾಗೋದೂ ಇಲ್ಲ, ಬಿಸಿಯಾಗಿ ಕೂತಿರುತ್ತೆ ಅಷ್ಟೆ. ಕೆಂಪಗೆ ಉರಿಯೋ ಭಾಗ ಇಲ್ಲ, ಸದ್ದಿಲ್ಲ, ಸ್ವಿಚ್ ಆರಿಸಿದ ಮೇಲೂ ಸುಮಾರು ಹೊತ್ತು ಬೆಚ್ಚಗಿರುತ್ತೆ. ರೂಮು ಬಿಸಿಯಾಗೋಕ್ಕೆ ಅರ್ಧ ಮುಕ್ಕಾಲು ಗಂಟೆ ಬೇಕು, ತೂಕ ಜಾಸ್ತಿ, ದುಡ್ಡೂ ಜಾಸ್ತಿ. ಹಾಗಂತ ಮುಟ್ಟಬಹುದು ಅಂತಲ್ಲ, ಮಗು ಕೈ ಇಟ್ರೆ ಸುಡುತ್ತೆ.

ಸೈಜಿಗೆ ಒಂದು ಅಂದಾಜು ಲೆಕ್ಕ, ಒಂದು ಚದರ ಅಡಿಗೆ 10 ವಾಟ್. ಹತ್ತಕ್ಕೆ ಹನ್ನೆರಡರ ರೂಮಾದ್ರೆ 1200 ವಾಟ್ ಸಾಕು. ಆದ್ರೆ ಇದು ತಾರಸಿ ಮನೆಗೆ. ಹೆಂಚಿನ ಮನೇಲಿ ಕೆಳಗೆ ಮರದ ಹಲಗೆ ಮುಚ್ಚಿಗೆ ಇಲ್ಲದಿದ್ರೆ ಎಷ್ಟು ದೊಡ್ಡ ಹೀಟರ್ ತಂದ್ರೂ ಬಿಸಿ ಎಲ್ಲಾ ಹೆಂಚಿನ ಸಂದೀಲಿ ಹೊರಗೆ ಹೋಗುತ್ತೆ, ಅಂಥವರು ಮೊದಲು ಮುಚ್ಚಿಗೆ ಮಾಡಿಸಿ, ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ಸುತ್ತಿ ಇಡಿ, ಕಿಟಕಿಗೆ ದಪ್ಪ ಕರ್ಟನ್ ಹಾಕಿ, ಆಮೇಲೆ ಹೀಟರ್.

ಅಂಗಡೀಲಿ ಐಎಸ್ಐ ಮಾರ್ಕ್ ನೋಡ್ತೀರಿ, ಸರಿ, ಅದರ ಮೇಲೆ ಐಎಸ್ 302 ಅಂತ ನಂಬರ್, ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರ್ಬೇಕು, ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾವ ಕಂಪನಿದು ಅಂತ ಬರುತ್ತೆ, ಮೊಮ್ಮಕ್ಕಳ ಕೈಲಿ ಅಲ್ಲೇ ನೋಡಿಸಿ. ರೂಮು ಬೇಕಾದಷ್ಟು ಬೆಚ್ಚಗಾದ ಮೇಲೆ ನಿಲ್ಲಿಸೋ ಥರ್ಮೋಸ್ಟಾಟ್, ಹೀಟರೇ ಜಾಸ್ತಿ ಬಿಸಿಯಾದ್ರೆ ತಾನೇ ಆಫ್ ಆಗೋದು, ಉರುಳಿದ್ರೆ ಆಫ್ ಆಗೋದು, ಈ ಮೂರೂ ಇರ್ಬೇಕು. ಬಾಕ್ಸಲ್ಲಿ ಬರೆದಿದೆ ಅಂತ ಒಪ್ಕೋಬೇಡಿ, ಆನ್ ಮಾಡಿಸಿ ವಾಲಿಸಿ ತೋರ್ಸಿ ಅನ್ನಿ. ಆಮೇಲೆ ನಮ್ಮ ಕೊಡಗಿನವರು ತಪ್ಪದೇ ಮಾಡ್ಬೇಕಾದ ಇನ್ನೊಂದು ಪರೀಕ್ಷೆ ಇದೆ. ಹೀಟರ್ ಓಡ್ತಾ ಇರ್ಬೇಕಾದ್ರೆ ಗೋಡೆ ಸ್ವಿಚ್ ಆರಿಸಿ ಮತ್ತೆ ಹಾಕಿ. ತಿರುಪೋ ಗುಂಡಿ ಇರೋದು ತಾನಾಗೇ ಮತ್ತೆ ಶುರುವಾಗುತ್ತೆ, ಬಟನ್ ರಿಮೋಟ್ ಇರೋವು ಸಾಮಾನ್ಯವಾಗಿ ನಾವು ಒತ್ತೋ ತನಕ ಆಫ್ ಆಗೇ ಇರ್ತವೆ.

ಇದು ಯಾಕೆ ಮುಖ್ಯ ಅಂತ ಹೇಳ್ತೀನಿ. ನಮ್ಮಲ್ಲಿ ಕಕ್ಕಡದ, ಅಂದ್ರೆ ಜುಲೈ ಆಗಸ್ಟಿನ, ಮಳೇಲಿ ಮರ ಬಿತ್ತು ಅಂದ್ರೆ ಕರೆಂಟ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಯಾರಿಗೆ ಗೊತ್ತು. ಒಂದು ಜುಲೈ ರಾತ್ರಿ, ಮೊಮ್ಮಗಳ ಯೂನಿಫಾರ್ಮ್ ಒಣಗಿಲ್ಲ, ಸಾಕ್ಸ್ ಒಣಗಿಲ್ಲ, ಬೆಳಿಗ್ಗೆ ಸ್ಕೂಲು. ಸೊಸೆ ಕುರ್ಚಿ ಬೆನ್ನಿಗೆ ಹಾಕಿ ರಾಡ್ ಹೀಟರ್ ಹತ್ತಿರ ಎಳೆದಿಟ್ಟಳು, ಒಂಬತ್ತಕ್ಕೆ ಕರೆಂಟ್ ಹೋಯ್ತು, ಕತ್ತಲಲ್ಲಿ ಎಲ್ರೂ ಮಲಗಿಬಿಟ್ವಿ. ಸ್ವಿಚ್ ಆನ್ ಇದ್ದದ್ದು ಯಾರಿಗೂ ನೆನಪಿಲ್ಲ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು. ನನಗೆ ಬಾತ್‌ರೂಮಿಗೆ ಎದ್ದೇಳೋ ಅಭ್ಯಾಸ ಇದ್ದಿದ್ದಕ್ಕೆ ಆಯ್ತು, ಹಾಲಿಗೆ ಬಂದ್ರೆ ಸಾಕ್ಸ್ ಒಂದು ಕಡೆ ಕರಟಿ ಹೊಗೆ ಬರ್ತಾ ಇದೆ. ಸೊಸೆಯನ್ನ ನಾನು ಒಂದು ಮಾತೂ ಅನ್ನಲಿಲ್ಲ, ಮೂರು ತಿಂಗಳು ಬಿಸಿಲು ಕಾಣದ ಊರಲ್ಲಿ ಮಗುವಿನ ಬಟ್ಟೆ ಒಣಗಿಸೋ ಕಷ್ಟ ಏನು ಅಂತ ನನಗೆ ಗೊತ್ತು, ನಾವೂ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದವರೇ, ಬಟ್ಟೆ ಎಲ್ಲಾ ಹೊಗೆ ವಾಸನೆ ಹೊಡೀತಿತ್ತು. ಆದ್ರೆ ಅವತ್ತಿಂದ ನಮ್ಮ ಮನೇಲಿ ಎರಡು ನಿಯಮ. ಕರೆಂಟ್ ಹೋದ ತಕ್ಷಣ ಕ್ಯಾಂಡಲ್ ಹುಡುಕೋಕ್ಕೆ ಮುಂಚೆ ಹೀಟರ್ ಪ್ಲಗ್ ಕಿತ್ತಿಡೋದು. ಬಟ್ಟೆ ಹೀಟರಿಂದ ಮೂರು ಅಡಿ ದೂರ, ಮೇಲೆ ಅಂತೂ ಇಲ್ಲವೇ ಇಲ್ಲ. ಉರುಳಿದ್ರೆ ಆಫ್ ಆಗೋ ಸ್ವಿಚ್ ಇದ್ರೂ ಬಟ್ಟೆ ಬಿದ್ರೆ ಅದು ಆಫ್ ಆಗಲ್ಲ, ಇದು ನೆನಪಿರ್ಲಿ. ಬಟ್ಟೆ ಒಣಗಿಸೋಕ್ಕೆ ಸ್ಟ್ಯಾಂಡ್ ದೂರ ಇಟ್ಟು ಟೇಬಲ್ ಫ್ಯಾನ್ ಹಾಕಿ, ಕಿಟಕಿ ಒಂದು ಬೆರಳು ತೆರೆದಿಡಿ, ಇಲ್ಲಾಂದ್ರೆ ಬಟ್ಟೆ ನೀರೆಲ್ಲಾ ಗೋಡೆಗೆ ಹೋಗಿ ಬೂಷ್ಟು ಹಿಡಿಯುತ್ತೆ.

ಬಾಣಂತಿ ರೂಮಿಗೆ ಈಗಲೂ ಕೆಲವು ಮನೇಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡ್ತಾರೆ, ಹಿಂದಿನವರು ಇಡ್ತಿರಲಿಲ್ವಾ ಅಂತಾರೆ. ಇಡ್ತಿದ್ರು, ಆ ಮನೆಗಳಲ್ಲಿ ಹೆಂಚಿನ ಸಂದೀಲಿ ಗಾಳಿ ಓಡಾಡ್ತಿತ್ತು. ಈಗಿನ ಅಲ್ಯೂಮಿನಿಯಂ ಕಿಟಕಿ ಬಿಗಿಯಾಗಿ ಮುಚ್ಚಿದ ತಾರಸಿ ರೂಮಲ್ಲಿ ಕೆಂಡ ಇಟ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳ್ಳುತ್ತೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳಲ್ಲ. ದಯವಿಟ್ಟು ಬೇಡ, ಕೈ ಮುಗಿದು ಹೇಳ್ತೀನಿ. ಕರೆಂಟ್ ಹೀಟರ್ ಗಾಳಿಯ ಆಮ್ಲಜನಕ ತಿನ್ನುತ್ತೆ ಅಂತ ಒಂದು ಮಾತಿದೆ, ಅದು ನಿಜ ಅಲ್ಲ, ಅದ್ರಲ್ಲಿ ಏನೂ ಉರಿಯೋದೇ ಇಲ್ಲ. ಗಾಳಿ ಒಣಗಿದ ಹಾಗೆ ಅನ್ಸುತ್ತೆ ಅಷ್ಟೆ, ಜನವರೀಲಿ ಗಂಟಲು ಕೆರೆದ್ರೆ ರೂಮಿನ ಮೂಲೇಲಿ ಒಂದು ಪಾತ್ರೆ ನೀರಿಡಿ, ಹೀಟರಿಂದ ದೂರ.

ಶುಗರ್ ಇರೋ ಹಿರಿಯರ ಬಗ್ಗೆ ಒಂದು ಎಚ್ಚರಿಕೆ. ಕಾಲಿನ ಸ್ಪರ್ಶ ಕಮ್ಮಿ ಆಗಿರುತ್ತೆ, ಹೀಟರ್ ಹತ್ತಿರ ಪಾದ ಇಟ್ಟು ಕೂತ್ರೆ ಸುಡ್ತಿರೋದು ಅವರಿಗೆ ಗೊತ್ತೇ ಆಗಲ್ಲ. ಮಂಚದಿಂದಲೂ ಮೂರು ಅಡಿ, ಓಡಾಡೋ ದಾರೀಲಿ ವೈರ್ ಅಡ್ಡ ಬರದ ಹಾಗೆ, ಕಾರ್ಪೆಟ್ ಮೇಲಲ್ಲದೆ ನೆಲದ ಮೇಲೆ.

ರಾತ್ರಿ ಇಡೀ ಹಾಕೋದು ಬೇಡ. ಊಟಕ್ಕೆ ಕೂರೋಕ್ಕೆ ಮುಂಚೆ ಆನ್ ಮಾಡಿ ಬಾಗಿಲು ಮುಚ್ಚಿ, ಒಬ್ರು ಮನೇಲಿ ಎಚ್ಚರ ಇರ್ಬೇಕು, ನಡುವೆ ಇಣುಕಿ ನೋಡ್ತಿರ್ಬೇಕು. ಥರ್ಮೋಸ್ಟಾಟ್ ಗುಂಡಿ ಪೂರ್ತಿ ತಿರುಗಿಸಿ, ರೂಮು ಹಿತವಾಗಿ ಬೆಚ್ಚಗಾದ ಮೇಲೆ ಟಕ್ ಅಂತ ಸದ್ದು ಬರೋ ತನಕ ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಬಿಟ್ಬಿಡಿ, ಆ ಬಿಸೀನ ಅದೇ ಕಾಪಾಡ್ಕೊಳ್ಳುತ್ತೆ. ಮಲಗೋವಾಗ ಪ್ಲಗ್ ತೆಗೆದು ಹಾಸಿಗೆಗೆ ಒಂದು ಬಿಸಿನೀರಿನ ಬ್ಯಾಗ್ ಹಾಕಿ, ಅದನ್ನೂ ಟವೆಲ್ ಸುತ್ತಿ. ಬಿಲ್ಲಿನ ಲೆಕ್ಕ ಸುಲಭ, 2000 ವಾಟ್ ಒಂದು ಗಂಟೆ ಪೂರ್ತಿ ಓಡಿದ್ರೆ 2 ಯೂನಿಟ್. ದಿನಾ ನಾಲ್ಕು ಗಂಟೆ ಅಂದ್ರೆ ತಿಂಗಳಿಗೆ 240 ಯೂನಿಟ್, ಗೃಹಜ್ಯೋತಿಯ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನೀವೇ ಕಟ್ಬೇಕು. ಒಂದೂವರೆ ಗಂಟೆಗೆ ನಿಲ್ಲಿಸಿದ್ರೆ 90 ಯೂನಿಟ್, ಥರ್ಮೋಸ್ಟಾಟ್ ಆಫ್ ಮಾಡೋ ಹೊತ್ತು ಕಳೆದ್ರೆ ಅದಕ್ಕಿಂತಲೂ ಕಮ್ಮಿ. ಇನ್ವರ್ಟರ್ ಲೈನಿಗೆ ಹೀಟರ್ ಹಾಕ್ಬೇಡಿ, ಮನೆ ಇನ್ವರ್ಟರ್ ಆ ಭಾರ ತಡೆಯಲ್ಲ. ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ 2000ದ ಹೀಟರ್ 1200ರಷ್ಟೇ ಬಿಸಿ ಕೊಡುತ್ತೆ, ಹಾಳಾಯ್ತು ಅಂತ ಅಂಗಡಿಗೆ ಹೊತ್ಕೊಂಡು ಹೋಗ್ಬೇಡಿ.

ಬೇಸಿಗೇಲಿ ಎತ್ತಿಡೋವಾಗ ಆಯಿಲ್ ಹೀಟರನ್ನ ಮಲಗಿಸ್ಬೇಡಿ, ನಿಲ್ಲಿಸೇ ಇಡಿ, ಹೊಸದು ಜೀಪಲ್ಲಿ ಕುಲುಕಿ ತಂದಿದ್ರೂ ಎಣ್ಣೆ ಕೆಳಗೆ ಇಳಿಯೋ ತನಕ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಆನ್ ಮಾಡಿ. ಅಟ್ಟದಲ್ಲಿ ಇಟ್ರೆ ಇಲಿ ವೈರ್ ಕಡಿಯುತ್ತೆ, ಮತ್ತೆ ತೆಗೆದಾಗ ವೈರಿನ ಉದ್ದಕ್ಕೂ ಕೈಯಾಡಿಸಿ ನೋಡಿ, ಧೂಳು ಒರೆಸಿ, ಜಗಲೀಲಿ ಪವರ್ ಪ್ಲಗ್ ಇದ್ರೆ ಅಲ್ಲಿ, ಇಲ್ಲಾಂದ್ರೆ ಕಿಟಕಿ ಎಲ್ಲಾ ತೆರೆದು ಹತ್ತು ನಿಮಿಷ ಓಡಿಸಿ. ಧೂಳು ಸುಟ್ಟ ವಾಸನೆ ಬಂದು ಹೋಗುತ್ತೆ, ಹೋಗದೇ ಹಾಗೇ ಇದ್ರೆ ರಿಪೇರಿಯವರಿಗೆ ತೋರಿಸೋ ತನಕ ರೂಮಿಗೆ ತರ್ಬೇಡಿ.